ಬತ್ತಿ ಎಲ್ಲಿ ಸತ್ತಿತು? ಮನೆಯ ಪಟಾಕಿ ಸಾಲಿನಲ್ಲಿ ಜಾಯಿಂಟಿನ ದೋಷ ಹುಡುಕುವುದು

ಆಕಾಶಕ್ಕೆ ಶಾಟ್ ಹಾರಿಸುವ ಒಂಬತ್ತು ಪಟಾಕಿ ಡಬ್ಬ, ತುಂಡುಗಳನ್ನು ಕಟ್ಟಿ ಉದ್ದ ಮಾಡಿದ ಒಂದೇ ಬತ್ತಿ. ತುದಿಗೆ ಬೆಂಕಿ ತಾಗಿಸಿ ಸರಸರ ಹಿಂದೆ ಬಂದು ಎಲ್ಲರ ಜೊತೆ ನಿಂತೆ. ಮೊದಲ ಮೂರು ಸೊಗಸಾಗಿ ಹಾರಿದವು. ನಾಲ್ಕನೆಯದರ ಹತ್ತಿರ ಬತ್ತಿ ಒಂದು ಸಲ ಸುರ್ ಅಂದಿತು, ಒಂದೆಳೆ ಹೊಗೆ ಬಂತು, ಅಷ್ಟೆ. ಉಳಿದ ಆರು ಡಬ್ಬಗಳು ಕತ್ತಲಲ್ಲಿ ಸುಮ್ನೆ ಕೂತಿದ್ದವು. "ಮುಗೀತಾ?" ಅಂತ ಒಂದು ಮಗು ಕೇಳಿತು. ಉತ್ತರ ಕೊಡಲು ಬಾಯಿ ಬರಲಿಲ್ಲ.

ಮುಂದಿನ ಸಲ ಹಟ ಹಿಡಿದೆ. ಪ್ರತಿ ಜಾಯಿಂಟಿಗೂ ಟೇಪ್ ಬಿಗಿದೆ, ಹೆಚ್ಚಾದ ಬತ್ತಿಯನ್ನು ಸುರುಳಿ ಸುತ್ತಿ ಡಬ್ಬಗಳ ಪಕ್ಕದಲ್ಲೇ ಇಟ್ಟೆ, ಜಾಗ ಉಳಿಯಲಿ ಅಂತ ಡಬ್ಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದೆ. ನಾಲ್ಕು ನಿಮಿಷ ನಡೆಯಬೇಕಾದ ಆಟ ಅರ್ಧ ನಿಮಿಷದಲ್ಲಿ ಮುಗಿಯಿತು. ನೋಡಿದವರು ಭರ್ಜರಿ ಅಂದರು. ನನಗೆ ಮಾತ್ರ ಕೈಕಾಲು ನಡುಗುತ್ತಿತ್ತು, ಯಾಕೆಂದರೆ ಅದರಲ್ಲಿ ಯಾವುದೂ ನಾನು ಅಂದುಕೊಂಡ ಹಾಗೆ ಆಗಿರಲಿಲ್ಲ.

ಎರಡೂ ಸಲ ನಾನು ಮೊದಲು ಬೈದದ್ದು ಪಟಾಕಿಯನ್ನು. ಎರಡೂ ಸಲ ತಪ್ಪು ಇದ್ದದ್ದು ಜಾಯಿಂಟಿನಲ್ಲಿ, ಅಂದರೆ ನನ್ನ ಕೈಯಲ್ಲಿ. ಆಮೇಲೆ ಸುಟ್ಟು ಉಳಿದ ಬತ್ತಿಯ ಚೂರುಗಳನ್ನು ಓದುವುದನ್ನು ಕಲಿತೆ. ಈ ಬರಹ ಅದರ ಬಗ್ಗೆ: ಹತ್ತಬೇಕಾದದ್ದು ಯಾಕೆ ಹತ್ತಲಿಲ್ಲ, ಹತ್ತಬಾರದ್ದು ಯಾಕೆ ಹತ್ತಿತು. ಇವೆರಡೂ ಒಂದಕ್ಕೊಂದು ಎದುರಾಳಿಗಳು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಮೈಮೇಲೆ ಎಳೆದುಕೊಳ್ಳುವುದು ಬಹಳ ಸುಲಭ. ನಾನು ಮಾಡಿದ್ದು ಅದನ್ನೇ.

ಶುರು ಮಾಡುವ ಮುಂಚೆ ಎರಡು ಮಾತು. ಇದು ಅಂಗಡಿಯಲ್ಲಿ ಕೊಂಡ ಪಟಾಕಿ ಮತ್ತು ಅಂಗಡಿಯಲ್ಲಿ ಕೊಂಡ ಬತ್ತಿಯ ಕಥೆ. ಮದ್ದು ಬಿಚ್ಚುವುದು, ಮದ್ದು ಸೇರಿಸುವುದು, ಡಬ್ಬ ಒಡೆಯುವುದು, ಡಬ್ಬದ ಸ್ವಂತ ಬತ್ತಿಯನ್ನು ಕತ್ತರಿಸಿ ಗಿಡ್ಡ ಮಾಡುವುದು, ಇದ್ಯಾವುದೂ ಇಲ್ಲಿಲ್ಲ, ಯಾವತ್ತೂ ಮಾಡಬೇಡಿ. ಇನ್ನೊಂದು, ಪಟಾಕಿಗಳ ಬತ್ತಿ ಜೋಡಿಸುವುದಕ್ಕೇ ಕೆಲವು ಕಡೆ ಅನುಮತಿ ಇಲ್ಲ, ಕೆಲವು ಡಬ್ಬಗಳ ಮೇಲೂ ಬೇಡ ಅಂತ ಬರೆದಿರುತ್ತದೆ. ನಿಮ್ಮಲ್ಲಿ ಹಾಗಿದ್ದರೆ ಒಂದೊಂದಾಗಿ ಹಚ್ಚಿ. ಅದರಲ್ಲಿ ಏನೂ ಕಡಿಮೆಯಿಲ್ಲ.

ಆ ರಾತ್ರಿ ಏನು ಮಾಡಬೇಕು

ಬತ್ತಿ ಅರ್ಧಕ್ಕೆ ನಿಂತಾಗ ಕಾಲು ತಾನಾಗೇ ಮುಂದೆ ಹೋಗುತ್ತದೆ. ತಡೆಯಿರಿ. ಸತ್ತಂತೆ ಕಾಣುವ ಬತ್ತಿಯ ಒಳಗೆ ಕಿಡಿ ನಿಧಾನವಾಗಿ ಕುಳಿತಿರಬಹುದು. ಅದರಲ್ಲೂ ಟೇಪಿನ ಕೆಳಗೆ ಏನು ನಡೆಯುತ್ತಿದೆ ಅಂತ ದೂರದಿಂದ ಗೊತ್ತಾಗುವುದಿಲ್ಲ. ಕನಿಷ್ಠ 20 ನಿಮಿಷ ಯಾರೂ ಹತ್ತಿರ ಹೋಗಬಾರದು. ಆಮೇಲೂ ಒಬ್ಬರೇ ಹೋಗಬೇಕು, ಪಕ್ಕದಿಂದ ಹೋಗಬೇಕು, ಕೊಳವೆಯ ಬಾಯಿಯ ಮೇಲೆ ತಲೆಯಾಗಲಿ ಕೈಯಾಗಲಿ ಬರಬಾರದು. ಹೋಗಿ ಮಾಡುವ ಕೆಲಸ ಒಂದೇ, ನೀರು ಸುರಿಯುವುದು. ಮತ್ತೆ ಹಚ್ಚುವುದಲ್ಲ. ಆರು ಡಬ್ಬ ಹಾಳಾಯಿತು ಅಂತ ಹೊಟ್ಟೆ ಉರಿಯುತ್ತದೆ, ಗೊತ್ತು. ನನಗೂ ಉರಿಯಿತು.

ನೀರು ಹಾಕುವ ಮುಂಚೆ ದೂರದಿಂದಲೇ ಫೋನಿನಲ್ಲಿ ಜೂಮ್ ಮಾಡಿ ಒಂದಷ್ಟು ಫೋಟೋ ತೆಗೆದಿಟ್ಟುಕೊಳ್ಳಿ. ದೋಷ ಹುಡುಕಲು ಇದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ. ಡಬ್ಬಗಳನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಹಾಕಿ, ಬತ್ತಿಯನ್ನೂ ಜಾಯಿಂಟಿನ ಸಮೇತ ನೆನೆಸಿ. ಬೆಳಗ್ಗೆ ಹಗಲ ಬೆಳಕಿನಲ್ಲಿ, ಒದ್ದೆ ಇರುವಾಗಲೇ ಟೇಪ್ ಬಿಚ್ಚಿ ನೋಡಿ.

ಸುಟ್ಟ ಬತ್ತಿ ಏನು ಹೇಳುತ್ತದೆ

ನಾವು ಹೆಚ್ಚಾಗಿ ಬಳಸುವುದು ವಿಸ್ಕೋ ಬತ್ತಿ. ಹಸಿರೋ ಕೆಂಪೋ ಬಣ್ಣ, 2ರಿಂದ 3 ಮಿಲಿಮೀಟರ್ ದಪ್ಪ, ಮುಟ್ಟಿದರೆ ಸ್ವಲ್ಪ ಗಡಸು. ನಡುವೆ ಮದ್ದಿನ ಎಳೆ, ಅದರ ಸುತ್ತ ಒಂದು ಪದರ ನೂಲು ಒಂದು ದಿಕ್ಕಿಗೆ, ಇನ್ನೊಂದು ಪದರ ಎದುರು ದಿಕ್ಕಿಗೆ, ಮೇಲೆ ನೈಟ್ರೋಸೆಲ್ಯುಲೋಸ್ ವಾರ್ನಿಶ್. ಇದರ ಅಜ್ಜ ಅಂದರೆ 1831ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಬಿಕ್‌ಫರ್ಡ್ ಪೇಟೆಂಟ್ ಪಡೆದ ಗಣಿ ಬತ್ತಿ. ಅಲ್ಲಿಯವರೆಗೆ ಗಣಿಯವರು ಹುಲ್ಲುಕಡ್ಡಿಗೋ ಹಕ್ಕಿಯ ಗರಿಯ ಕೊಳವೆಗೋ ಮದ್ದು ತುಂಬಿ ಹಚ್ಚುತ್ತಿದ್ದರು, ಅದು ಯಾವಾಗ ಎಷ್ಟು ಬೇಗ ಉರಿಯುತ್ತದೆ ಅಂತ ದೇವರಿಗೇ ಗೊತ್ತಿತ್ತು. ಹಗ್ಗ ಹೊಸೆಯುವ ಹಾಗೆ ಮದ್ದಿನ ಸುತ್ತ ನೂಲು ಹೊಸೆದರೆ ಬೆಂಕಿ ಒಂದೇ ವೇಗದಲ್ಲಿ ಹೋಗುತ್ತದೆ ಅನ್ನುವುದು ಆತನಿಗೆ ಹೊಳೆದ ವಿಷಯ.

ಆ ಹೊಸೆತವೇ ನಮ್ಮ ತೊಂದರೆಯ ಬೇರು ಕೂಡ. ನೂಲು ಮತ್ತು ವಾರ್ನಿಶ್ ಇರುವುದೇ ಬೆಂಕಿ ಪಕ್ಕಕ್ಕೆ ಹೋಗದೆ ಉದ್ದಕ್ಕೆ ಹೋಗಲಿ ಅಂತ. ನಾವು ಜಾಯಿಂಟ್ ಹಾಕುವಾಗ ಅದೇ ಬತ್ತಿಗೆ "ಈಗ ಸ್ವಲ್ಪ ಪಕ್ಕಕ್ಕೆ ಹೋಗು" ಅನ್ನುತ್ತಿದ್ದೇವೆ. ಬತ್ತಿಯ ಪಕ್ಕದಿಂದ ಸಣ್ಣ ಕಿಡಿಗಳು ಹೊರಬರುತ್ತವೆ ನಿಜ, ಆದರೆ ಅವು ಬಡಪಾಯಿ ಕಿಡಿಗಳು. ಬತ್ತಿ ಉರಿದು ಮುಗಿಯುವ ತುದಿಯಲ್ಲಿ ಮಾತ್ರ ಒಂದು ಗಟ್ಟಿ ಜ್ವಾಲೆ ಚಿಮ್ಮುತ್ತದೆ. ಹಾಗೇ ಬೆಂಕಿ ಹಿಡಿಯುವ ಕಡೆಯಲ್ಲೂ, ವಾರ್ನಿಶ್ ಮೈಗಿಂತ ಮದ್ದು ಕಾಣುವ ಕತ್ತರಿಸಿದ ತುದಿ ಸಲೀಸಾಗಿ ಹಿಡಿಯುತ್ತದೆ. ಇದಿಷ್ಟು ತಲೆಯಲ್ಲಿದ್ದರೆ ಅರ್ಧ ದೋಷ ಬಿಚ್ಚಿದ ಹಾಗೆ.

ಉರಿದ ಬತ್ತಿ ಕರಿ ಬಣ್ಣದ ಟೊಳ್ಳು ಸಿಪ್ಪೆಯಾಗಿ ಉಳಿಯುತ್ತದೆ. ಉರಿಯದ್ದು ಬಣ್ಣ ಉಳಿಸಿಕೊಂಡಿರುತ್ತದೆ. ಹಾಗಾಗಿ ಬೆಳಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಕಪ್ಪು ಮುಗಿದು ಬಣ್ಣ ಶುರುವಾಗುವ ಜಾಗ ಎಲ್ಲಿದೆ?

ಟೇಪಿನ ಒಳಗೆ ಕಪ್ಪು ನಿಂತಿದ್ದರೆ

ಇದೇ ಜಾಸ್ತಿ ಸಿಗುವುದು. ನನ್ನ ನಾಲ್ಕನೇ ಡಬ್ಬದ ಕಥೆಯೂ ಇದೇ. ಕಾರಣ ಹಲವು, ಟೇಪ್ ಬಿಚ್ಚಿದರೆ ಯಾವುದು ಅಂತ ಸಾಮಾನ್ಯವಾಗಿ ಕಾಣುತ್ತದೆ.

ಬೆಂಕಿ ತರುವ ಬತ್ತಿ ಪೂರ್ತಿ ಉರಿದಿದೆ, ಅದರಿಂದ ಬೆಂಕಿ ಪಡೆಯುವ ಬತ್ತಿ ಮೈಮೇಲೆ ಸ್ವಲ್ಪ ಕಂದಿದೆ, ಆದರೆ ಹತ್ತಿಲ್ಲ ಅಂದರೆ, ಎರಡರ ನಡುವೆ ಸಂದು ಇತ್ತು. ಕಟ್ಟುವಾಗ ಸಂದು ಇರದಿದ್ದರೂ ಆಮೇಲೆ ಬಂದಿರಬಹುದು. ಬತ್ತಿ ಸುರುಳಿಯಿಂದ ಬಿಚ್ಚಿದ್ದು, ಅದಕ್ಕೆ ಮತ್ತೆ ಸುರುಳಿಯಾಗುವ ಚಟ. ಸಂಜೆ ಕಟ್ಟಿದ ಜಾಯಿಂಟು ರಾತ್ರಿ ಹೊತ್ತಿಗೆ ಮೆಲ್ಲಗೆ ಬಾಯಿ ಬಿಟ್ಟಿರುತ್ತದೆ. ಹಿಂದಿನ ದಿನವೇ ಬತ್ತಿಯನ್ನು ನೇರ ಮಾಡಿ ಹಲಗೆಯ ಮೇಲೆ ಎಳೆದು ಇಟ್ಟರೆ ಈ ಚಟ ಬಹಳಷ್ಟು ಕಡಿಮೆಯಾಗುತ್ತದೆ.

ಪಡೆಯುವ ಬತ್ತಿಯ ತುದಿಯನ್ನು ನೋಡಿ. ಮದ್ದು ಇದೆಯೋ, ಬರೀ ನೂಲಿನ ಕೊಳವೆಯೋ? ಕತ್ತರಿಸಿ ಇಟ್ಟ ಬತ್ತಿಯ ತುದಿಯಿಂದ ಮದ್ದು ಉದುರುತ್ತದೆ, ಚೀಲದಲ್ಲಿ ಅಲ್ಲಾಡಿದರೆ ಇನ್ನೂ ಬೇಗ. ಹೊರಗಿನಿಂದ ನೋಡಿದರೆ ತುದಿ ಜಾಯಿಂಟಿನಲ್ಲೇ ಇದೆ, ಒಳಗೆ ಐದು ಮಿಲಿಮೀಟರ್ ಖಾಲಿ. ಬೆಂಕಿ ಬಂದು ಖಾಲಿ ಮನೆಯ ಬಾಗಿಲು ತಟ್ಟಿ ಹೋಗುತ್ತದೆ. ನೆನೆಸಿದ ಮೇಲೆ ಇದನ್ನು ಖಚಿತವಾಗಿ ಹೇಳುವುದು ಕಷ್ಟ, ಆದರೆ ಆ ದಿನ ತುದಿಗಳನ್ನು ಹೊಸದಾಗಿ ಕತ್ತರಿಸಿದ್ದಿರಾ ಅಂತ ನಿಮಗೇ ಗೊತ್ತಿರುತ್ತದಲ್ವಾ. ಕತ್ತರಿಸಿರದಿದ್ದರೆ ಇದೇ ಮೊದಲ ಅನುಮಾನ. ಜೋಡಿಸುವ ಹೊತ್ತಿಗೆ ಸರಿಯಾಗಿ, ಬೇರೆಯಾಗಿ ಕೊಂಡ ಬತ್ತಿಯ ತುದಿಯನ್ನು ಹರಿತವಾದ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಬೇಕು. ಓರೆ ಕತ್ತರಿಸಿದರೆ ಮದ್ದು ಜಾಸ್ತಿ ಅಗಲಕ್ಕೆ ತೆರೆದುಕೊಳ್ಳುತ್ತದೆ. ಮೊಂಡು ಕತ್ತರಿ ತುದಿಯನ್ನು ಹಿಸುಕಿ ಬಾಯಿ ಮುಚ್ಚಿಬಿಡುತ್ತದೆ.

ಇನ್ನೊಂದು, ತುಂಬಾ ಬಿಗಿ. ಪ್ಲಾಸ್ಟಿಕ್ ಟೈ ಹಾಕಿ ಹಲ್ಲು ಕಚ್ಚಿ ಎಳೆಯುವವರು ನಾವು. ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ. ಆದರೆ ಟೈ ಕಚ್ಚಿದ ಜಾಗದಲ್ಲಿ ಮದ್ದಿನ ಎಳೆ ತುಂಡಾಗುತ್ತದೆ. ಟೇಪ್ ಬಿಚ್ಚಿದಾಗ ಕಪ್ಪು ಸರಿಯಾಗಿ ಟೈ ಗುರುತಿನ ಹತ್ತಿರ ನಿಂತಿದ್ದರೆ ಬೇರೆ ಏನೂ ಹುಡುಕಬೇಡಿ. ನಾನು ಈಗ ಹತ್ತಿಯ ದಾರದಲ್ಲಿ ಎರಡು ಕಡೆ ಕಟ್ಟುತ್ತೇನೆ, ಬತ್ತಿಗಳು ಒಂದಕ್ಕೊಂದು ತಾಗಿ ಜಾರದೆ ನಿಲ್ಲುವಷ್ಟು, ಅಷ್ಟೇ. ಅದರ ಮೇಲೆ ಕಾಗದದ ಮಾಸ್ಕಿಂಗ್ ಟೇಪ್ ಒಂದೇ ಸುತ್ತು. ಪ್ಲಾಸ್ಟಿಕ್ ಟೇಪು ಬಿಸಿಗೆ ಕರಗಿ ಮುದುಡಿಕೊಳ್ಳುತ್ತದೆ, ಮುದುಡುವಾಗ ಬತ್ತಿಯನ್ನು ಎಳೆದುಕೊಂಡು ಹೋಗುತ್ತದೆ.

ದಿಕ್ಕು ತಪ್ಪುವುದೂ ಉಂಟು. ತರುವ ಬತ್ತಿಯ ತುದಿ ಜಾಯಿಂಟನ್ನು ದಾಟಿ ಹೊರಗೆ ಚಾಚಿಕೊಂಡಿದ್ದರೆ ಅದರ ಗಟ್ಟಿ ಜ್ವಾಲೆ ಗಾಳಿಗೆ ಹೋಯಿತು ಅಂತಲೇ ಲೆಕ್ಕ. ಎರಡು ಬತ್ತಿಗಳು ಒಂದು ಮೂರು ಸೆಂಟಿಮೀಟರ್ ಉದ್ದಕ್ಕೆ ಅಕ್ಕಪಕ್ಕ ಮಲಗಿರಬೇಕು, ಪಡೆಯುವ ಬತ್ತಿಯ ತುದಿ ಬೆಂಕಿ ಬರುವ ಕಡೆಗೆ ಮುಖ ಮಾಡಿರಬೇಕು, ತರುವ ಬತ್ತಿ ಅದರ ಮೈಮೇಲೆ ಕೊನೆಯಾಗಬೇಕು. ಆಗ ಒಂದೇ ಜಾಯಿಂಟಿನಲ್ಲಿ ಬೆಂಕಿಗೆ ಎರಡು ಅವಕಾಶ: ಮೊದಲು ತೆರೆದ ತುದಿಯ ಪಕ್ಕ ಹಾದುಹೋಗುವಾಗ ಒಂದು, ಆಮೇಲೆ ಕೊನೆಯ ಚಿಮ್ಮುವಿಕೆಯಲ್ಲಿ ಇನ್ನೊಂದು.

ಬತ್ತಿಯ ನಡುವೆ ಕಪ್ಪು ನಿಂತಿದ್ದರೆ

ಜಾಯಿಂಟೇ ಇಲ್ಲದ ಕಡೆ ಸತ್ತಿದ್ದರೆ ಆ ಜಾಗವನ್ನು ಬೆರಳಲ್ಲಿ ಸವರಿ ನೋಡಿ. ಮಡಿಕೆ ಇದ್ದರೆ ಕೈಗೆ ಗೊತ್ತಾಗುತ್ತದೆ. ಗಂಟು ಹಾಕಿದ್ದರೆ ಅಲ್ಲಿ ಎಳೆ ತುಂಡಾಗಿರುತ್ತದೆ. ಡಬ್ಬದ ಅಂಚಿನ ಮೇಲೆ ಚೂಪಾಗಿ ಮಡಚಿ ಇಳಿಬಿಟ್ಟಿದ್ದರೂ ಅಷ್ಟೆ. ಬತ್ತಿ ತಿರುಗಬೇಕಾದ ಕಡೆ ದೊಡ್ಡ ಬಳಸು ಕೊಡಿ.

ಮಡಿಕೆ ಇಲ್ಲದಿದ್ದರೆ ತೇವ. ವಿಸ್ಕೋ ಬತ್ತಿಯ ಮೈ ನೀರಿಗೆ ಜಗ್ಗುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕ ಮದ್ದಿನ ಪೆಟ್ಲುಪ್ಪಿನಲ್ಲೇ (ಪೊಟ್ಯಾಸಿಯಂ ನೈಟ್ರೇಟ್) ಇರುವುದರಿಂದ ನೀರಿನೊಳಗೂ ಉರಿಯುತ್ತದೆ. ಅದನ್ನು ಒಮ್ಮೆ ನೋಡಿದವರು ತೇವದ ಬಗ್ಗೆ ತಲೆಕೆಡಿಸಿಕೊಳ್ಳುವುದನ್ನೇ ಬಿಟ್ಟುಬಿಡುತ್ತಾರೆ. ಆದರೆ ಮೈ ಬೇರೆ, ತುದಿ ಬೇರೆ. ಕತ್ತರಿಸಿದ ತುದಿಯಿಂದ ನೀರು ಒಳಗೆ ಏರುತ್ತದೆ, ವಾರ್ನಿಶ್ ಬಿರಿದ ಕಡೆಯಿಂದಲೂ. 20 ಡಿಗ್ರಿ ಬಿಸಿಯಲ್ಲಿ 100 ಮಿಲಿಲೀಟರ್ ನೀರು ಸುಮಾರು 32 ಗ್ರಾಂ ಪೆಟ್ಲುಪ್ಪನ್ನು ಕರಗಿಸಿಕೊಳ್ಳುತ್ತದೆ. ಮದ್ದಿನಲ್ಲಿರುವ ಇದ್ದಿಲು ಮತ್ತು ಗಂಧಕ ಕರಗುವುದಿಲ್ಲ. ಅಂದರೆ ಒದ್ದೆಯಾದ ಮದ್ದು ಒಣಗಿದ ಮೇಲೂ ಮೊದಲಿನ ಮದ್ದಲ್ಲ, ಹದ ಕೆಟ್ಟ ಮಿಶ್ರಣ. ಒಣಗಿಸಿ ಬಳಸುತ್ತೇನೆ ಅನ್ನುವುದು ಬೇಡ, ಒಲೆಯ ಹತ್ತಿರ ಇಟ್ಟು ಒಣಗಿಸುವುದಂತೂ ಬೇಡವೇ ಬೇಡ. ಎಸೆಯಿರಿ, ಎಸೆಯುವ ಮುಂಚೆ ಪೂರ್ತಿ ನೆನೆಸಿ.

ತೇವ ಬರುವುದು ಮಳೆಯಿಂದಲೇ ಅಲ್ಲ. ಮಧ್ಯಾಹ್ನ ಎಲ್ಲ ಜೋಡಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನೆಮ್ಮದಿಯಾಗಿ ಊಟಕ್ಕೆ ಹೋದವನು ನಾನು. ರಾತ್ರಿ ಹಾಳೆ ಎತ್ತಿದರೆ ಒಳಮೈ ತುಂಬ ಹನಿ. ನೆಲದ ತೇವ ಮೇಲೆದ್ದು ಹಾಳೆಗೆ ತಾಗಿ ನೀರಾಗಿತ್ತು. ಈಗ ಹಾಳೆ ಕೆಳಗೂ ಒಂದು, ಮೇಲೂ ಒಂದು, ಮೇಲಿನದು ಬತ್ತಿಗೆ ತಾಗದ ಹಾಗೆ ಎತ್ತರದಲ್ಲಿ, ಪಕ್ಕದಲ್ಲಿ ಗಾಳಿಯಾಡಲು ಸ್ವಲ್ಪ ತೆರವು.

ಬತ್ತಿ ಡಬ್ಬದವರೆಗೆ ಬಂದಿದೆ, ಡಬ್ಬ ಹಾರಿಲ್ಲ

ಮೊದಲು ನೋಡಬೇಕಾದದ್ದು ಹೇಳಲು ನಾಚಿಕೆಯಾಗುವಂಥದ್ದು. ಡಬ್ಬದ ಬತ್ತಿಯ ಮೇಲಿನ ಕಾಗದದ ಹೊದಿಕೆ ತೆಗೆದಿದ್ದಿರಾ? ಎಷ್ಟೋ ಡಬ್ಬಗಳಲ್ಲಿ ಬತ್ತಿಯನ್ನು ಮಡಚಿ, ಮೇಲೊಂದು ಬಣ್ಣದ ಕಾಗದ ಅಂಟಿಸಿರುತ್ತಾರೆ. ಆತುರದಲ್ಲಿ ಹೊದಿಕೆಯ ಮೇಲೇ ನಮ್ಮ ಬತ್ತಿ ಕಟ್ಟಿಬಿಡುತ್ತೇವೆ. ಕಾಗದ ಕಂದುತ್ತದೆ, ಒಳಗಿನ ಬತ್ತಿಗೆ ಸುದ್ದಿಯೇ ಇಲ್ಲ.

ಹೊದಿಕೆ ತೆಗೆದಿದ್ದು, ಡಬ್ಬದ ಸ್ವಂತ ಬತ್ತಿ ಪೂರ್ತಿ ಕಪ್ಪಾಗಿ ಒಳಗೆ ಹೋಗಿದ್ದು, ಆದರೂ ಹಾರಿಲ್ಲ ಅಂದರೆ ದೋಷ ನಿಮ್ಮ ಜಾಯಿಂಟಿನದ್ದಲ್ಲ, ಡಬ್ಬದ್ದು. ಅಲ್ಲಿಗೆ ಈ ತನಿಖೆ ಮುಗಿಯಿತು. ನೀರಲ್ಲಿ ಬಿದ್ದಿರಲಿ. ಒಳಗೆ ಏನಾಗಿದೆ ನೋಡೋಣ ಅಂತ ಬಿಚ್ಚಬೇಡಿ.

ಜಾಯಿಂಟೇ ಇದ್ದ ಜಾಗದಲ್ಲಿ ಇಲ್ಲ

ಕೆಲವು ಸಲ ಬೆಳಗ್ಗೆ ನೋಡಿದರೆ ಪಡೆಯುವ ಬತ್ತಿ ಒಂದು ಅಡಿ ದೂರದಲ್ಲಿ ಬಿದ್ದಿರುತ್ತದೆ, ಹೊಚ್ಚ ಹೊಸದರ ಹಾಗೆ. ಉರಿಯುವ ಬತ್ತಿ ಸುಮ್ಮನಿರುವುದಿಲ್ಲ, ಸೊಟ್ಟಗಾಗುತ್ತದೆ, ಒದೆಯುತ್ತದೆ. ಅದಕ್ಕಿಂತ ಹೆಚ್ಚಾಗಿ ಡಬ್ಬವೇ ಒದೆಯುತ್ತದೆ. ಪ್ರತಿ ಶಾಟ್ ಮೇಲಕ್ಕೆ ಹೋದಾಗಲೂ ಡಬ್ಬಕ್ಕೆ ಕೆಳಕ್ಕೊಂದು ಗುದ್ದು ಬೀಳುತ್ತದೆ, ಹಗುರವಾದ ಡಬ್ಬ ಕುಣಿದು ಪಕ್ಕಕ್ಕೆ ಸರಿಯುತ್ತದೆ, ಜೊತೆಗೆ ಇಡೀ ಸಾಲನ್ನು ಎಳೆಯುತ್ತದೆ. ಇದು ಪ್ರದರ್ಶನ ನಿಲ್ಲುವ ಪ್ರಶ್ನೆ ಮಾತ್ರ ಅಲ್ಲ, ಡಬ್ಬ ಉರುಳಿದರೆ ಶಾಟ್ ಜನರ ಕಡೆಗೆ ಬರುತ್ತದೆ. ಡಬ್ಬಗಳನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ಇಟ್ಟು ನಾಲ್ಕೂ ಕಡೆ ಇಟ್ಟಿಗೆಯೋ ಮರಳು ಚೀಲವೋ ಒತ್ತು ಕೊಡಿ. ಇಟ್ಟಿಗೆ ಡಬ್ಬಕ್ಕಿಂತ ಎತ್ತರ ಇರಬಾರದು. ಮುಖ್ಯ ಬತ್ತಿಯನ್ನು ಹಲಗೆಗೆ ಅಲ್ಲಲ್ಲಿ ಟೇಪಿನಿಂದ ಹಿಡಿಸಿ, ಹಲಗೆಯಿಂದ ಡಬ್ಬಕ್ಕೆ ಹೋಗುವ ಕವಲಿನಲ್ಲಿ ಸ್ವಲ್ಪ ಸಡಿಲ ಬಿಡಿ. ಸ್ಟೇಪ್ಲರ್ ಗನ್ ಬಳಸಬೇಡಿ, ಮದ್ದಿನ ಮೇಲೆ ಲೋಹ ಬಡಿಯುವ ಕೆಲಸ ಅದು.

ಕವಲು ಅಂದೆನಲ್ಲ, ಅದನ್ನು ಬಿಡಿಸಿ ಹೇಳಲೇಬೇಕು. ನನ್ನ ಮೊದಲ ಸಲದ ದೊಡ್ಡ ತಪ್ಪು ಒಂದು ಕೆಟ್ಟ ಜಾಯಿಂಟ್ ಅಲ್ಲ, ಒಂದು ಕೆಟ್ಟ ಜಾಯಿಂಟಿಗೆ ಆರು ಡಬ್ಬಗಳನ್ನು ಒಪ್ಪಿಸಿದ್ದು. ತುಂಡು ತುಂಡು ಬತ್ತಿಯನ್ನು ಒಂದರ ಬಾಲಕ್ಕೆ ಒಂದು ಕಟ್ಟಿದ್ದೆ. ಲೆಕ್ಕ ಹಾಕಿ ನೋಡಿ. ನಿಮ್ಮ ಜಾಯಿಂಟು 20ರಲ್ಲಿ ಒಂದು ಸಲ ಕೈಕೊಡುತ್ತದೆ ಅಂದುಕೊಳ್ಳಿ, ಅಷ್ಟೇನೂ ಕೆಟ್ಟದ್ದಲ್ಲ ಅನಿಸುತ್ತದೆ. ಅಂಥ 10 ಜಾಯಿಂಟು ಒಂದೇ ಸಾಲಿನಲ್ಲಿದ್ದರೆ ಕೊನೆಯವರೆಗೆ ಬೆಂಕಿ ಮುಟ್ಟುವ ಸಾಧ್ಯತೆ ನೂರಕ್ಕೆ 60 ಮಾತ್ರ. ಅದೇ ಒಂದು ಅಖಂಡ ಬತ್ತಿಯನ್ನು ಬೆನ್ನೆಲುಬಿನ ಹಾಗೆ ಎಳೆದು, ಪ್ರತಿ ಡಬ್ಬಕ್ಕೆ ಅದರಿಂದ ಒಂದೊಂದು ಕವಲು ಕೊಟ್ಟರೆ, ಒಂದು ಜಾಯಿಂಟ್ ಸತ್ತಾಗ ಹೋಗುವುದು ಒಂದೇ ಡಬ್ಬ. ಬೆನ್ನೆಲುಬು ಓಡುತ್ತಲೇ ಇರುತ್ತದೆ. ಇನ್ನೂ ಗಟ್ಟಿ ಬೇಕಾದರೆ ಬೆನ್ನೆಲುಬಿನಿಂದ ಡಬ್ಬದ ಬತ್ತಿಗೆ ಎರಡು ಕವಲು, ಎರಡು ಬೇರೆ ಬೇರೆ ಕಡೆ ಕಟ್ಟಿ. ಎರಡೂ ಒಟ್ಟಿಗೆ ಸಾಯುವುದು 400ಕ್ಕೆ ಒಂದು ಸಲ, ಹತ್ತೂ ಡಬ್ಬ ಹಾರುವ ಸಾಧ್ಯತೆ ನೂರಕ್ಕೆ 97 ದಾಟುತ್ತದೆ. ಜಾಯಿಂಟನ್ನು ಚಿನ್ನದ ಕೆಲಸದ ಹಾಗೆ ನಾಜೂಕು ಮಾಡುವುದಕ್ಕಿಂತ ಇದು ಸುಲಭ.

ಒಂದು ಎಚ್ಚರ: ಬೆನ್ನೆಲುಬಿನ ಪಕ್ಕ ಕವಲು ಕಟ್ಟುವಾಗ ಅಲ್ಲಿ ಸಿಗುವುದು ಪಕ್ಕದ ಬಡಪಾಯಿ ಕಿಡಿ ಮಾತ್ರ, ತುದಿಯ ಜ್ವಾಲೆಯಲ್ಲ. ಹಾಗಾಗಿ ಓರೆ ಕತ್ತರಿಸಿದ ಹೊಸ ತುದಿ ಅಲ್ಲಿಯೇ ಹೆಚ್ಚು ಬೇಕು, ಮದ್ದು ಕಾಣುವ ಮುಖ ಬೆನ್ನೆಲುಬಿಗೆ ಒತ್ತಿಕೊಂಡಿರಬೇಕು.

ಈಗ ಎದುರು ದೋಷ: ಎಲ್ಲ ಒಟ್ಟಿಗೆ ಹತ್ತಿತು

ಇದನ್ನು ಹುಡುಕುವುದು ಕಷ್ಟ, ಯಾಕೆಂದರೆ ಬೆಳಗ್ಗೆ ಎಲ್ಲವೂ ಕಪ್ಪೇ. ಇಲ್ಲಿ ವಿಡಿಯೋ ಬೇಕು. ಯಾರಾದರೂ ಒಬ್ಬರು ಫೋನನ್ನು ಅಲ್ಲಾಡದ ಹಾಗೆ ಇಟ್ಟು, ಆಕಾಶವನ್ನಲ್ಲ, ನೆಲವನ್ನು ಹಿಡಿಯಲಿ. ಆಮೇಲೆ ನಿಧಾನಗತಿಯಲ್ಲಿ ನೋಡಿದರೆ ಬೆಂಕಿ ಎಲ್ಲಿಂದ ಎಲ್ಲಿಗೆ ಜಿಗಿಯಿತು ಅಂತ ಕಾಣುತ್ತದೆ.

ನನ್ನ ವಿಡಿಯೋದಲ್ಲಿ ಮೂರು ಕಡೆ ಕಂಡಿತು. ಒಂದು, ಸುರುಳಿ. ತಡ ಆಗಲಿ ಅಂತ ಒಂದು ಮೀಟರ್ ಬತ್ತಿಯನ್ನು ಸುತ್ತಿ ಇಟ್ಟಿದ್ದೆ. ಸುತ್ತುಗಳು ಒಂದಕ್ಕೊಂದು ತಾಗಿಕೊಂಡಿದ್ದವು, ಬೆಂಕಿ ಸುತ್ತು ಹಾಕಿಕೊಂಡು ಬರುವ ತಾಳ್ಮೆ ತೋರದೆ ಅಡ್ಡದಾರಿ ಹಿಡಿಯಿತು. ಜಾಯಿಂಟಿನಲ್ಲಿ ಬೇಡಿಕೊಂಡರೂ ಹಾರದ ಕಿಡಿ ಇಲ್ಲಿ ಕರೆಯದೆ ಹಾರುತ್ತದೆ. ಬತ್ತಿ ತನ್ನನ್ನೇ ದಾಟುವ ಕಡೆಯೂ ಇದೇ ಕಥೆ. ಉದ್ದ ಬೇಕಾದರೆ ಹಲಗೆಯ ಮೇಲೆ ಹಾವಿನ ಹಾಗೆ ಹರಿಸಿ, ಸಾಲುಗಳ ನಡುವೆ ನಾಲ್ಕೈದು ಸೆಂಟಿಮೀಟರ್ ಬಿಡಿ.

ಎರಡು, ಟೇಪ್. ಬತ್ತಿಗೆ ರಕ್ಷಣೆ ಅಂತ ಒಂದಷ್ಟು ಉದ್ದಕ್ಕೆ ಫಾಯಿಲ್ ಟೇಪ್ ಬಿಗಿಯಾಗಿ ಸುತ್ತಿದ್ದೆ. ಬಿಸಿ ಅನಿಲ ಹೊರಗೆ ಹೋಗಲು ದಾರಿ ಇಲ್ಲದೆ ಮುಂದಕ್ಕೇ ನುಗ್ಗಿತು, ಆ ಭಾಗದಲ್ಲಿ ಬತ್ತಿ ಉರಿಯಲಿಲ್ಲ, ಓಡಿತು. ವೃತ್ತಿಯವರು ಬಳಸುವ ಕಾಗದದ ಕೊಳವೆಯ ಕ್ವಿಕ್ ಮ್ಯಾಚ್ ಬತ್ತಿ ಕೆಲಸ ಮಾಡುವುದು ಇದೇ ಗುಣದಿಂದ. ಅದರೊಳಗಿನ ಮದ್ದು ಸವರಿದ ನೂಲು ಬಯಲಲ್ಲಿ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಹೋಗುತ್ತದೆ, ಕೊಳವೆಯೊಳಗೆ ಸೆಕೆಂಡಿಗೆ ಹಲವು ಮೀಟರ್. ಮನೆ ಆಟಕ್ಕೆ ಅದು ಬೇಡ, ಕೈ ತಪ್ಪು ತಿದ್ದಿಕೊಳ್ಳಲು ಅದು ಸಮಯ ಕೊಡುವುದಿಲ್ಲ. ನಾನು ಹೇಳುವುದು ಇಷ್ಟೆ, ಟೇಪ್ ಜಾಯಿಂಟಿಗೆ ಮಾತ್ರ, ಒಂದೇ ಸುತ್ತು.

ಮೂರು, ಕಿಡಿ ಮಳೆ. ಹೂಕುಂಡ ಪಕ್ಕಕ್ಕೂ ಕಿಡಿ ಚೆಲ್ಲುತ್ತದೆ. ಶಾಟ್ ಡಬ್ಬ ಉರಿಯುವ ಕಾಗದದ ಚೂರುಗಳನ್ನು ಕೆಳಕ್ಕೆ ಉದುರಿಸುತ್ತದೆ. ತೆರೆದ ಬತ್ತಿಯ ತುದಿ ಎಲ್ಲಿದ್ದರೂ ಅದಕ್ಕೆ ಆಮಂತ್ರಣ. ಅದರಲ್ಲೂ ಕೆಲವು ಡಬ್ಬಗಳಿಗೆ ಎರಡು ಬತ್ತಿ ಇರುತ್ತದೆ, ಒಂದು ಮುಖ್ಯದ್ದು, ಇನ್ನೊಂದು ಆಪತ್ತಿಗೆ. ಆ ಎರಡನೆಯದರ ಹೊದಿಕೆಯನ್ನೂ ಬಿಚ್ಚಿಟ್ಟರೆ ಡಬ್ಬ ಹಿಂದಿನ ಬಾಗಿಲಿನಿಂದ ಶುರುವಾಗುತ್ತದೆ. ಅದನ್ನು ಮುಚ್ಚಿಯೇ ಇಡಿ. ಡಬ್ಬಗಳ ನಡುವೆ ಅಂತರ ಹೆಚ್ಚಿಸಿ, ಹೂಕುಂಡಗಳನ್ನು ಸಾಲಿನಿಂದ ದೂರ ಬೇರೆಯಾಗಿಯೇ ಇಡಿ. ತೆರೆದ ಕವಲುಗಳ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಸೂರಿನ ಹಾಗೆ ಸಡಿಲವಾಗಿ ಮುಚ್ಚಿ. ಸೂರು, ಸುತ್ತಲ್ಲ. ಮೇಲೆ ಹೇಳಿದ್ದನ್ನು ಮರೆಯಬೇಡಿ.

ಹೊತ್ತು ತಪ್ಪುವುದು

ಎಲ್ಲ ಹತ್ತಿತು, ಸರಿಯಾದ ಸರದಿಯಲ್ಲೇ ಹತ್ತಿತು, ಆದರೆ ಹೊತ್ತು ಸರಿಯಿಲ್ಲ. ಇದು ದೋಷ ಅನ್ನುವುದಕ್ಕಿಂತ ಬತ್ತಿಯ ಸ್ವಭಾವ. ಸಾಧಾರಣ ವಿಸ್ಕೋ ಸೆಕೆಂಡಿಗೆ ಹತ್ತಿರಹತ್ತಿರ ಒಂದು ಸೆಂಟಿಮೀಟರ್ ಉರಿಯುತ್ತದೆ, ಆದರೆ ಸುರುಳಿಯಿಂದ ಸುರುಳಿಗೆ ಬದಲಾಗುತ್ತದೆ. 30 ಸೆಂಟಿಮೀಟರ್ ತುಂಡು ಒಂದು ಸುರುಳಿಯಲ್ಲಿ 28 ಸೆಕೆಂಡ್, ಇನ್ನೊಂದರಲ್ಲಿ 34 ಸೆಕೆಂಡ್ ತೆಗೆದುಕೊಂಡರೆ, ಮೂರು ಮೀಟರ್ ಸಾಲಿನಲ್ಲಿ ಅದು ಪೂರಾ ಒಂದು ನಿಮಿಷದ ವ್ಯತ್ಯಾಸ. ಹೊಸ ಸುರುಳಿ ತಂದಾಗೆಲ್ಲ ಮೂರು ತುಂಡು ಬಯಲಲ್ಲಿ ಉರಿಸಿ ಗಡಿಯಾರ ಹಿಡಿದು ನೋಡಿ. ಒಂದೇ ಪ್ರದರ್ಶನಕ್ಕೆ ಎರಡು ಸುರುಳಿ ಬೆರೆಸಬೇಡಿ. ಇದರ ಮೇಲೆ ಡಬ್ಬದ ಸ್ವಂತ ಬತ್ತಿ ಬೇರೆ. ಅಮೆರಿಕದ ನಿಯಮದಲ್ಲಿ ಮನೆಬಳಕೆಯ ಪಟಾಕಿಯ ಬತ್ತಿ 3ರಿಂದ 9 ಸೆಕೆಂಡಿನ ಒಳಗೆ ಉರಿಯಬೇಕು. ನಿಯಮದ ಒಳಗೇ ಇರುವ ಎರಡು ಡಬ್ಬಗಳ ನಡುವೆ ಆರು ಸೆಕೆಂಡ್ ಹಿಂದುಮುಂದು ಆಗಬಹುದು ಅಂತಾಯಿತು. ಎರಡು ಡಬ್ಬ ಸರಿಯಾಗಿ ಒಟ್ಟಿಗೆ ಹಾರಲಿ ಅನ್ನುವ ಆಸೆಯನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಮೊದಲ ತುಂಡಿನ ಬಗ್ಗೆ ಮಾತ್ರ ಲೆಕ್ಕ ಬೇಡ, ಧಾರಾಳ ಇರಲಿ. ನೀವು ಬೆಂಕಿ ಕೊಡುವ ಜಾಗದಿಂದ ಮೊದಲ ಜಾಯಿಂಟಿಗೆ ಕನಿಷ್ಠ 30 ಸೆಂಟಿಮೀಟರ್, ದೂರ ಜಾಸ್ತಿ ಇದ್ದರೆ ಇನ್ನೂ ಉದ್ದ. ನಡೆದೇ ಹಿಂದೆ ಬರುವಷ್ಟು ಸಮಯ ಇರಬೇಕು, ಎಡವಿ ಬಿದ್ದು ಎದ್ದು ಬರುವಷ್ಟೂ ಇರಬೇಕು. ಹಚ್ಚುವುದು ಉದ್ದ ಕಡ್ಡಿಯ ಊದುಬತ್ತಿಯಲ್ಲಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಜೋಡಿಸುವಾಗಲೂ ಹತ್ತಿ ಬಟ್ಟೆ ಹಾಕಿಕೊಳ್ಳಿ. ಒಣ ಹವೆಯಲ್ಲಿ ನೈಲಾನ್ ಬಟ್ಟೆಯ ಚಟಪಟ ಕಿಡಿಗೂ ಮದ್ದಿಗೂ ಸ್ನೇಹ ಬೇಡ.

ಪರೀಕ್ಷೆ ಎಷ್ಟು ಸಾಕು

ಹೊಸ ರೀತಿ ಜಾಯಿಂಟ್ ಕಲಿತ ಮೇಲೆ ಪಟಾಕಿ ಇಲ್ಲದೆ ಬರೀ ಬತ್ತಿಗೆ ಬತ್ತಿ ಕಟ್ಟಿ ಬರಿ ನೆಲದ ಮೇಲೆ ಒಂದೊಂದಾಗಿ ಉರಿಸಿ ನೋಡಿ, ಪಕ್ಕದಲ್ಲಿ ಬಕೆಟ್ ನೀರು ಇರಲಿ. ಐದಕ್ಕೆ ಐದೂ ಆಯಿತು ಅಂತ ಕುಣಿಯಬೇಡಿ. ಐದರಲ್ಲಿ ಒಂದು ಸಲ ಕೈಕೊಡುವ ಕೆಟ್ಟ ಜಾಯಿಂಟು ಕೂಡ ಐದು ಪರೀಕ್ಷೆಯನ್ನು ಮೂರರಲ್ಲಿ ಒಂದು ಸಲ ಪಾಸ್ ಮಾಡುತ್ತದೆ. ಅದೇ ಜಾಯಿಂಟು 20 ಪರೀಕ್ಷೆಯನ್ನು ಪೂರ್ತಿ ಪಾಸ್ ಮಾಡುವುದು ನೂರರಲ್ಲಿ ಒಂದು ಸಲ. ಹಾಗಾಗಿ 20 ಮಾಡಿ. ಬತ್ತಿ ಖರ್ಚಾಗುತ್ತದೆ, ಆಗಲಿ. ಕೆಲವನ್ನು ಕಟ್ಟಿದ ಕೂಡಲೇ ಉರಿಸಬೇಡಿ, ಮಧ್ಯಾಹ್ನ ಕಟ್ಟಿ ರಾತ್ರಿ ಉರಿಸಿ. ಪ್ರದರ್ಶನದಲ್ಲಿ ನಡೆಯುವುದು ಹಾಗೇ ಅಲ್ವಾ. ನನ್ನ ಹಳೆಯ ಜಾಯಿಂಟುಗಳು ತಕ್ಷಣ ಉರಿಸಿದಾಗ ಎಲ್ಲವೂ ಪಾಸ್ ಆಗಿದ್ದವು, ಆರು ಗಂಟೆ ಬಿಟ್ಟು ಉರಿಸಿದಾಗ ಎಂಟರಲ್ಲಿ ಎರಡು ಸತ್ತವು, ಎರಡೂ ಕಡೆ ಬತ್ತಿ ಸುರುಳಿಗೆ ವಾಪಸ್ ತಿರುಗಿ ಬಾಯಿ ಬಿಟ್ಟಿತ್ತು.

ಕಳೆದ ಸಲ ಒಂಬತ್ತು ಡಬ್ಬ ಇಟ್ಟಿದ್ದೆ, ಎಂಟು ಹಾರಿದವು. ಆರನೆಯದರ ಸರದಿ ಬಂದಾಗ ಏನೂ ಆಗಲಿಲ್ಲ, ಬೆನ್ನೆಲುಬು ದಾಟಿಕೊಂಡು ಹೋಗಿ ಏಳನೆಯದು ಎದ್ದಿತು. ಬೆಳಗ್ಗೆ ಬಿಚ್ಚಿ ನೋಡಿದರೆ ಆರನೆಯದರ ಹೊದಿಕೆ ಕಾಗದ ಹಾಗೇ ಇತ್ತು.